ಭಾವನ ಅಲೆ ಪಂಪು

“ಮರುಳಾ, ರೇಡಿಯೋ ಕಿವಿಗೆ ಒತ್ಕೊಂಡು ಅಂಗಳದಲ್ಲಿ ಅಲೆಯೋ ಕಾಲ ಇವತ್ತಿಗೆ ಮುಗೀತು!”

ನಮ್ಮ ಭಾವ ಏಕಾಂತಯ್ಯನವರು ಹೀಗೆ ಘೋಷಿಸಿ, ಹಜಾರದಲ್ಲಿದ್ದ ಯಾವುದೋ ಗುಡ್ಡೆಯ ಮೇಲಿನ ಹಳೇ ಜಮಖಾನವನ್ನು ಸರ್ರನೆ ಎಳೆದರು. ಎದ್ದ ಧೂಳಿಗೆ ಮೂವರೂ ಸೀನಿದೆವು. ಧೂಳು ಇಳಿದ ಮೇಲೆ ಕಂಡದ್ದು ಇಷ್ಟು: ಸೈಕಲ್ಲಿನ ಎರಡು ರಿಮ್ಮು, ಅವಕ್ಕೆ ಸುತ್ತಿದ ಮಾರುಗಟ್ಟಲೆ ತಾಮ್ರದ ತಂತಿ, ಅಂಗಳದ ಕಡೆಗೆ ಮುಳ್ಳುಹಂದಿಯಂತೆ ನಿಗುರಿದ ಛತ್ರಿ ಕಡ್ಡಿಗಳು, ಅಡಿಯಲ್ಲೊಂದು ಮೋಟರು, ಹಿಂದಿನಿಂದ ಹೊರಟ ಒಂದು ರಬ್ಬರ್ ಪೈಪು. ಪೈಪಿನ ಕೊನೆಗೆ ಸೀಮೆಎಣ್ಣೆ ಸುರಿಯುವ ಆಲಿಕೆ. ಆ ಆಲಿಕೆಯ ಬಾಯಿ ನೆಟ್ಟಗೆ ಅಕ್ಕ ಮಲಗಿದ್ದ ಕೋಣೆಯೊಳಕ್ಕೆ ತಿರುಗಿತ್ತು.

ಕಾಲಿಗೆ ತೂಕ ಕಟ್ಟಿಸಿಕೊಂಡು ಮಂಚದ ಮೇಲೆ ಮಲಗಿದ್ದ ನಮ್ಮಕ್ಕ ಗಿರಿಜಾಂಬ ಕತ್ತು ಮಾತ್ರ ಎತ್ತಿ ನೋಡಿದಳು.

“ಕೋಳಿಗೂಡು ಯಾಕ್ರೀ ತಂದಿದ್ದೀರಾ ಮನೆಯೊಳಕ್ಕೆ?”

“ಕೋಳಿಗೂಡಲ್ಲ ಕಣೇ! ತರಂಗಾಕರ್ಷಕ!”

“ಆ ಕಡ್ಡಿಗಳು ನನ್ನ ಛತ್ರೀದಲ್ವಾ?”

“ನೀನು ಹೆಂಗೂ ಮೂರು ವಾರ ಆಚೆ ಹೋಗಂಗಿಲ್ಲ. ಛತ್ರಿ ಯಾಕೆ ನಿಂಗೆ?”

ಇದು ಮೊಬೈಲು ಎಂಬುದು ಯಾರ ಕನಸಿನಲ್ಲೂ ಇಲ್ಲದ ಕಾಲದ ಮಾತು. ಅರಸೀಕೆರೆಯಲ್ಲಿ ಆಗ ನಾವಿದ್ದ ಮನೆ ಅದಕ್ಕೂ ಮೊದಲು ಒಂದು ಸಹಕಾರಿ ಬ್ಯಾಂಕಾಗಿತ್ತು. ಇಡೀ ಕಟ್ಟಡದಲ್ಲಿ ತಣ್ಣಗಿರುವ ಒಂದೇ ಜಾಗವೆಂದರೆ ಹಿಂದಿನ ಖಜಾನೆ ಕೋಣೆ. ಎರಡಡಿ ದಪ್ಪದ ಕಾಂಕ್ರೀಟು ಗೋಡೆ, ಗೋಡೆಯೊಳಗೆ ರೈಲು ಕಂಬಿ, ಕಿಟಕಿಯಿಲ್ಲ, ಆನೆ ನೂಕಿದರೂ ಜಗ್ಗದ ಕಬ್ಬಿಣದ ಬಾಗಿಲು. ಕಳ್ಳರು ಬರಬಾರದೆಂದು ಕಟ್ಟಿದ ಆ ಕೋಣೆಗೆ ಗಾಳಿಯೂ ಅನುಮತಿ ಕೇಳಿಯೇ ಬರುತ್ತಿತ್ತು. ರೇಡಿಯೋ ಅಲೆಯಂತೂ ಹೊಸಿಲ ಹತ್ತಿರವೂ ಸುಳಿಯುತ್ತಿರಲಿಲ್ಲ. ಅಕ್ಕನ ಬಳಿ ಸೋಪಿನ ಡಬ್ಬಿಯಷ್ಟು ದೊಡ್ಡದೊಂದು ಪಾಕೆಟ್ ರೇಡಿಯೋ ಇತ್ತು. ಅದು ಅಂಗಳದಲ್ಲಿ ಹಾಡುತ್ತಿತ್ತು, ಹಜಾರದಲ್ಲಿ ಗೊಣಗುತ್ತಿತ್ತು, ಖಜಾನೆ ಕೋಣೆಯಲ್ಲಿ ಕಡಲೆ ಹುರಿಯುವ ಸದ್ದು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ.

ಅಂಥ ಕೋಣೆಯಲ್ಲಿ ಅಕ್ಕ ತೊಡೆ ಮೂಳೆ ಮುರಿದುಕೊಂಡು ಮಲಗಿದ್ದಳು. “ಮಂಚ ಒಂದಿಂಚು ಕದಲಿಸಿದ್ರೂ ಪಾದ ಒಂದು ದಿಕ್ಕು, ಮಂಡಿ ಒಂದು ದಿಕ್ಕು ನೋಡ್ತವೆ” ಎಂದು ಮೂಳೆ ಡಾಕ್ಟರು ಹಾಲಸ್ವಾಮಿ ಹೆದರಿಸಿ ಹೋಗಿದ್ದರು. ಅವಳ ಪಾದದಿಂದ ಹೊರಟ ಹಗ್ಗದ ತುದಿಗೆ ತಕ್ಕಡಿಯ ಎರಡು ಕೆ.ಜಿ. ತೂಕದ ಬಟ್ಟು ನೇತಾಡುತ್ತಿತ್ತು.

ಇದೆಲ್ಲ ಆದದ್ದು ರೇಡಿಯೋದಿಂದಲೇ. ಹತ್ತು ದಿನದ ಹಿಂದೆ ಅಕ್ಕ ಬಾನುಲಿಯ ಮಹಿಳಾ ಕಾರ್ಯಕ್ರಮಕ್ಕೆ ಹತ್ತು ನಿಮಿಷದ ಭಾಷಣ ಓದಿ ಬಂದಿದ್ದಳು. ನಾಲ್ಕು ಸಲ ಬರೆದು ಕಳಿಸಿ, ಮೂರು ಸಲ ವಾಪಸು ಬಂದು, ಕೊನೆಗೂ ಒಪ್ಪಿಕೊಂಡಿದ್ದ ಭಾಷಣ ಅದು. ನಾನೇ ಜೊತೆಗೆ ಹೋಗಿದ್ದೆ. ಧ್ವನಿಮುದ್ರಣದ ಕೋಣೆಯಿಂದ ಹೊರಗೆ ಬಂದಾಗ ಅಕ್ಕನ ಕಾಲು ನೆಲದ ಮೇಲಿರಲಿಲ್ಲ. ಸಂಜೆ ಬಸ್ಸಿಳಿಯುವಾಗಲೂ ಇರಲಿಲ್ಲ. ಮೆಟ್ಟಿಲ ಮೇಲೆ ಇಡಬೇಕಾದ ಕಾಲನ್ನು ಗಾಳಿಯಲ್ಲಿಟ್ಟಳು!

ಭಾಷಣ ಪ್ರಸಾರವಾಗುವುದು ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ. “ಮೂಳೆ ಕೂಡಲಿ ಬಿಡಲಿ, ನನ್ನ ದನಿ ನಾನು ಒಂದ್ಸಲ ಕೇಳ್ಬೇಕು” ಎಂದು ಅಕ್ಕ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಅಂಗಳದಲ್ಲಿ ಕೂತು ಟೇಪ್ ಮಾಡಿಕೊಂಡು ಬಂದು ಕೇಳಿಸೋಣವೆಂದು ನಾನು ಹುಡುಕಿದರೆ, ಟೇಪ್ ರೆಕಾರ್ಡರಿನ ಖಾಲಿ ಡಬ್ಬಿ ಮಾತ್ರ ಸಿಕ್ಕಿತು. ಒಳಗಿನ ಕರುಳೆಲ್ಲ ತರಂಗಾಕರ್ಷಕದ ಹೊಟ್ಟೆ ಸೇರಿತ್ತು.

“ಭಾವ, ಅಂಗಳದಿಂದ ಒಂದು ತಂತಿ ಎಳೆದು ರೇಡಿಯೋಗೆ ಸುತ್ತಿದ್ರೆ ಸಾಕಲ್ವಾ?” ಎಂದೆ.

ಭಾವ ನನ್ನನ್ನು ಕನಿಕರದಿಂದ ನೋಡಿದರು. “ತಂತಿ ಎಳೆಯೋಕೆ ಏಕಾಂತಯ್ಯ ಯಾಕಪ್ಪಾ ಬೇಕು? ಬಟ್ಟೆ ಒಣಗಿಸೋರು ಸಾಕು. ನೋಡು, ಅಲೆ ಅಂದ್ಮೇಲೆ ಅದು ನೀರಿನ ಜಾತಿ. ಬೀದೀಲಿ ತುಂಬಿ ಹರೀತಾ ಇದೆ, ಮನೆಯೊಳಕ್ಕೆ ಬರ್ತಾ ಇಲ್ಲ. ಏನು ಮಾಡ್ಬೇಕು? ಪಂಪ್ ಮಾಡ್ಬೇಕು!”

ಭಾವ ಮೂವತ್ತು ವರ್ಷ ಪಂಪು ರಿಪೇರಿ ಮಾಡಿದವರು. ಅವರ ಪ್ರಕಾರ ಲೋಕದಲ್ಲಿ ಇರುವುದು ಎರಡೇ ತೊಂದರೆ. ಒಂದು, ಬೇಕಾದದ್ದು ಮೇಲಕ್ಕೆ ಏರುತ್ತಿಲ್ಲ. ಎರಡು, ಏರಿದ್ದು ಸೋರಿಹೋಗುತ್ತಿದೆ.

ಗುಂಡಿ ಒತ್ತಿದರು. ಮೋಟರು ಕೆಮ್ಮಿತು, ಗುರುಗುಟ್ಟಿತು, ಛತ್ರಿ ಕಡ್ಡಿಗಳು ಗಿರಗಿರ ತಿರುಗಿದವು. ಅಕ್ಕ ರೇಡಿಯೋವನ್ನು ಎದೆಯ ಮೇಲಿಟ್ಟುಕೊಂಡು ಉಸಿರು ಬಿಗಿಹಿಡಿದಳು. ಒಂದು ನಿಮಿಷ ಕಡಲೆ ಹುರಿದ ಸದ್ದೇ. ಆಮೇಲೆ ತಟ್ಟನೆ, “...ಒಣಹವೆ ಮುಂದುವರಿಯುವ ಸಾಧ್ಯತೆ...” ಎಂದಿತು ರೇಡಿಯೋ!

“ಬಂತು! ಬಂತು!” ಎಂದು ಅಕ್ಕ ಕೂಗಿದಳು.

ಹೋಯಿತು. ಮತ್ತೆ ಬಂತು. ಮತ್ತೆ ಹೋಯಿತು. ಯಾರೋ ಹವಾಮಾನ ವರದಿಗಾರರನ್ನು ಉಯ್ಯಾಲೆಯಲ್ಲಿ ಕೂರಿಸಿ ತೂಗಿದ ಹಾಗಿತ್ತು.

“ಫುಟ್ ವಾಲ್ವ್ ಇಲ್ಲ!” ಭಾವ ಹಣೆ ಚಚ್ಚಿಕೊಂಡರು. “ಸೇದಿದ್ದೆಲ್ಲ ವಾಪಸು ಹರಿದುಹೋಗ್ತಿದೆ. ಬಾವಿಯೊಳಗಿನ ಪೈಪಿಗೆ ಹಾಕ್ತೀವಲ್ಲ, ಒಳಗೆ ಬಂದ ನೀರು ಆಚೆ ಹೋಗದ ಹಾಗೆ, ಅದೇ ಬೇಕು ಇದಕ್ಕೂ. ನಾಳೆ ನೋಡ್ತಿರಿ!”

ಅವರು ಹಿತ್ತಲಿನ ತಮ್ಮ ರಿಪೇರಿ ಶೆಡ್ಡಿನ ಕಡೆ ಓಡಿದೊಡನೆ ಅಕ್ಕ ನನ್ನ ಅಂಗಿ ಹಿಡಿದೆಳೆದಳು.

“ಮರುಳಾ, ಕೆಲಸ ಮಾಡ್ಬಿಡ್ತದೇನೋ ಇದು?”

“ಮಾಡಿದ್ರೆ ಒಳ್ಳೇದೇ ಅಲ್ವಾ?”

“ಏನು ಒಳ್ಳೇದು, ನಿನ್ ತಲೆ! ಆಗ ಅವರಿಗೂ ಕೇಳಿಸ್ತದಲ್ಲೋ!”

ಇದೇ ನಮ್ಮಿಬ್ಬರ ಸಂಕಟ. ಭಾಷಣ ಯಾವುದರ ಬಗ್ಗೆ ಎಂದು ಭಾವ ಕೇಳಿದಾಗ ಅಕ್ಕ “ಚಟ್ನಿಪುಡಿ ಕೆಡದ ಹಾಗೆ ಇಡೋದು ಹೇಗೆ ಅಂತ” ಎಂದುಬಿಟ್ಟಿದ್ದಳು. ನಿಜವಾಗಿ ಅದರ ಹೆಸರು ‘ನಮ್ಮ ಮನೆಯ ಯಂತ್ರಗಳು’. ಹತ್ತು ನಿಮಿಷವೂ ಭಾವನದೇ ಕತೆ! ಮುದ್ರಣದ ಹೊತ್ತಿಗೆ ಅಲ್ಲಿನ ತಂತ್ರಜ್ಞರು ಬಾಯಿಗೆ ಕರವಸ್ತ್ರ ತುರುಕಿಕೊಂಡು ನಕ್ಕಿದ್ದನ್ನು ನಾನು ಗಾಜಿನಾಚೆಯಿಂದ ಕಣ್ಣಾರೆ ಕಂಡಿದ್ದೆ. ಗುರುವಾರ ಮಧ್ಯಾಹ್ನ ಭಾವನನ್ನು ಯಾವುದಾದರೂ ನೆಪದಲ್ಲಿ ಪೇಟೆಗೆ ಕಳಿಸಿ, ಇವಳು ಹಾಯಾಗಿ ಅಂಗಳದಲ್ಲಿ ಕೂತು ಕೇಳುವ ಯೋಜನೆ ಮೊದಲು ಇತ್ತು. ತೊಡೆ ಮೂಳೆಯ ಜೊತೆಗೆ ಅದೂ ಮುರಿದುಹೋಗಿತ್ತು.

ಮಂಗಳವಾರ ಫುಟ್ ವಾಲ್ವ್ ಬಂತು. ಅರ್ಧ ಎಚ್.ಪಿ. ಮೋಟರು ಹೋಗಿ ಒಂದು ಎಚ್.ಪಿ. ಬಂತು. ಗುಂಡಿ ಒತ್ತಿದರೆ, ಏನು ಹೇಳಲಿ! ಪುಟ್ಟ ರೇಡಿಯೋ ಗಂಟೆಯಂತೆ ನುಡಿಯಿತು. ವೀಣಾವಾದನ ಬರುತ್ತಿತ್ತು, ವಾದಕರು ಉಸಿರೆಳೆದದ್ದೂ ಕೇಳಿಸಿತು. ಅಕ್ಕನ ಕಣ್ಣಲ್ಲಿ ನೀರು. ಹತ್ತು ದಿನದಿಂದ ಸೂರನ್ನೇ ನೋಡುತ್ತ ಮಲಗಿದ್ದವಳಿಗೆ ಹೊರಲೋಕ ಬಾಗಿಲು ತಟ್ಟಿ ಬಂದ ಹಾಗಾಗಿತ್ತು. ಭಾವ ಸೊಂಟದ ಮೇಲೆ ಕೈಯಿಟ್ಟು ನಿಂತರು.

ಐದು ನಿಮಿಷದಲ್ಲಿ ಎದುರು ಅಂಗಡಿಯ ಟೈಲರ್ ದಸ್ತಗೀರ್ ಸಾಹೇಬರು ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ನುಗ್ಗಿದರು.

“ಏಕಾಂತಯ್ಯನೋರೇ, ಏನ್ ಮಾಡ್ತಾ ಇದೀರಿ ನೀವು? ನಮ್ದು ರೇಡಿಯೋ ಸತ್ತೋಯ್ತು! ಈಗ ಚೆನ್ನಾಗೇ ಹಾಡ್ತಿತ್ತು, ಗುಟುಕ್ ಅಂತ ಪ್ರಾಣ ಬಿಡ್ತು!”

“ಶೆಲ್ಲು ಹೋಗಿರ್ತದೆ ನೋಡಿ.”

“ಕರೆಂಟ್ ರೇಡಿಯೋಗೆ ಶೆಲ್ಲು ಎಲ್ಲಿಂದ ಬರ್ಬೇಕು? ನಮ್ದೊಂದೇ ಅಲ್ಲ, ಸಾಲಿನಲ್ಲಿರೋದೆಲ್ಲಾ ಬಂದ್!” ಎಂದವರು ಒಳಗಿಂದ ಬರುತ್ತಿದ್ದ ವೀಣೆ ಕೇಳಿ ನಿಂತುಬಿಟ್ಟರು. “ಇದೇ! ಇದೇ ಕಣ್ರೀ ನಮ್ ಅಂಗಡೀಲಿ ಬರ್ತಿದ್ದಿದ್ದು! ಅರ್ಧಕ್ಕೆ ಎಳ್ಕೊಂಡ್ಬಿಟ್ಟಿದೀರಿ!”

ಭಾವನಿಗೆ ಅವಮಾನವಾಗಬೇಕಿತ್ತು. ಬದಲಿಗೆ ಮುಖ ಅರಳಿತು. “ಕೇಳಿದ್ಯಾ ಗಿರಿಜಾ? ಇಡೀ ಬೀದೀದು ಸೇದಿದೆ! ಏನು ಸಕ್ಷನ್ನು, ಏನು ಸಕ್ಷನ್ನು!”

“ಬೇರೆಯವರ ನಲ್ಲೀಗೆ ಪಂಪ್ ಹಾಕಿ ಎಳ್ದಂಗಾಯ್ತಲ್ರೀ ಇದು” ಎಂದಳು ಅಕ್ಕ.

ಜಗಳ ನಡೆಯುತ್ತಿದ್ದಾಗಲೇ ಎರಡನೇ ಅನಾಹುತ ಶುರುವಾಯಿತು. ನಾನು ಅಕ್ಕನಿಗೆ ಬಿಸಿ ಸಾರನ್ನ ತಂದುಕೊಟ್ಟೆ. ಮೊದಲ ಚಮಚ ಬಾಯಿಗಿಟ್ಟಳು. ಅವಳ ಬಾಯೊಳಗಿಂದ ಗಂಭೀರವಾದ ಗಂಡುದನಿಯೊಂದು ಹೊರಟಿತು:

“ರೈತ ಬಾಂಧವರೇ, ತೆಂಗಿನ ಬುಡಕ್ಕೆ ಕೊಟ್ಟಿಗೆ ಗೊಬ್ಬರ ಹಾಕುವಾಗ...”

ಅಕ್ಕ ಚಮಚವನ್ನು ಉಗುಳಿ ಕಿಟಾರನೆ ಕಿರುಚಿದಳು. ನೆಲಕ್ಕೆ ಬಿದ್ದ ಚಮಚ ಅಲ್ಲಿಂದಲೇ ಗೊಬ್ಬರದ ಪ್ರಮಾಣ ಹೇಳತೊಡಗಿತು. ದಸ್ತಗೀರ್ ಸಾಹೇಬರು ಮೂರು ಹೆಜ್ಜೆ ಹಿಂದೆ ಹಾರಿದರು.

“ಸ್ವಲ್ಪ ಜಾಸ್ತಿ ತುಂಬಿದೆ ಅಷ್ಟೆ” ಎಂದರು ಭಾವ. “ಟ್ಯಾಂಕು ತುಂಬಿದ್ರೆ ಮೇಲೆ ಚೆಲ್ಲಲ್ವಾ? ರೇಡಿಯೋದಲ್ಲಿ ಹಿಡಿಸದೇ ಇದ್ದದ್ದು ಚಮಚಕ್ಕೆ ಚೆಲ್ಲಿದೆ.”

ಬುಧವಾರ ಡಾಕ್ಟರು ಹಾಲಸ್ವಾಮಿ ಬಂದರು. ಅಷ್ಟೊತ್ತಿಗೆ ಲೋಟ ಚಿತ್ರಗೀತೆ ಹಾಡುತ್ತಿತ್ತು, ನೀರಿನ ತಂಬಿಗೆ ಸಂಸ್ಕೃತ ವಾರ್ತೆ ಓದುತ್ತಿತ್ತು. ಎಲ್ಲದರ ಮೇಲೂ ಕಂಬಳಿ ಹೊದಿಸಿ ನಾನು ಕಾವಲು ಕೂತಿದ್ದೆ. ಡಾಕ್ಟರು ಕಾಲು ನೋಡಿ ತಲೆಯಾಡಿಸಿದರು. ಎದೆಯನ್ನೂ ನೋಡೋಣವೆಂದು ಸ್ಟೆತಾಸ್ಕೋಪು ಇಟ್ಟರು. ಇಟ್ಟವರು ಹಾಗೇ ಕಲ್ಲಾದರು. ಅರ್ಧ ನಿಮಿಷ, ಒಂದು ನಿಮಿಷ. ಮೆಲ್ಲಗೆ ಮಂಚದ ಅಂಚಿನಲ್ಲಿ ಕೂತರು.

“ಡಾಕ್ಟ್ರೇ, ಏನಾದ್ರೂ ತೊಂದ್ರೇನಾ?” ಅಕ್ಕ ಗಾಬರಿಯಾದಳು.

“ಶ್!” ಎಂದರು ಡಾಕ್ಟರು. ಇನ್ನೊಂದು ನಿಮಿಷ ಕೇಳಿ, “ನೂರಾ ಮೂವತ್ತೆರಡಕ್ಕೆ ನಾಲ್ಕು” ಎಂದು ನಿಟ್ಟುಸಿರು ಬಿಟ್ಟರು.

“ಅಯ್ಯೋ! ಬಿ.ಪಿ.ನಾ?”

“ಇಲ್ಲಮ್ಮ. ನಮ್ಮೋರ ಸ್ಕೋರು.”

ಹೋಗುವಾಗ ಅವರು ಸಂಜೆಗೆ ಮತ್ತೊಮ್ಮೆ ಎದೆ ನೋಡಬೇಕಾಗುತ್ತದೆ, ಪಂದ್ಯ ಮುಗಿಯುವುದು ಐದಕ್ಕೆ ಎಂದರು.

ಅಷ್ಟರಲ್ಲಿ ಬೀದಿಯವರೆಲ್ಲ ಸೇರಿ ತೀರ್ಮಾನ ಮಾಡಿದ್ದರು. ಪಕ್ಕದ ಮನೆಯ ಶಿವನಂಜಮ್ಮನವರು ಅದನ್ನು ಹೊತ್ತುಕೊಂಡು ಬಂದರು. “ನೋಡಿ ಏಕಾಂತಯ್ಯ, ಗಿರಿಜಾಂಬನ ಭಾಷಣ ಕೇಳೋಕೆ ವಾರದಿಂದ ಕಾಯ್ತಾ ಇದೀವಿ. ನಿಮ್ಮ ಯಂತ್ರ ನಡೀತಿದ್ರೆ ನಮ್ಮನೇಲಿ ಒಂದಕ್ಷರ ಬರಲ್ಲ. ಹಂಗಾಗಿ ನಾಳೆ ನಾವೆಲ್ಲ ಇಲ್ಲಿಗೇ ಬರ್ತೀವಿ.”

“ಬನ್ನಿ, ಬನ್ನಿ! ಜಮಖಾನ ಹಾಸ್ತೀನಿ!” ಭಾವ ಕೈ ಮುಗಿದರು. “ನಮ್ಮ ಮನೆಯೋಳು ಚಟ್ನಿಪುಡೀಲಿ ಏನು ಹೇಳಿದಾಳೋ, ಊರೇ ಕೇಳಲಿ!”

ಅಕ್ಕನ ಮುಖ ಚಟ್ನಿಪುಡಿಯ ಬಣ್ಣಕ್ಕೆ ತಿರುಗಿತು. ಶಿವನಂಜಮ್ಮನವರೂ ಭಾವನೂ ಆಚೆ ಹೋದದ್ದೇ ತಡ, ನನ್ನ ಮೇಲೆ ಬಿದ್ದಳು.

“ಮರುಳಾ, ಹೆಂಗಾದ್ರೂ ಮಾಡಿ ಅದನ್ನ ಕೆಡಿಸಿಬಿಡೋ! ಇಡೀ ಬೀದಿ ಎದುರು ಅವರ ಮಾನ ಹೋಗ್ತದೆ.”

“ಸರಿ. ಪ್ಲಗ್ಗಿನ ತಂತಿ ಕಿತ್ತುಬಿಡ್ತೀನಿ.”

“ಬೇಡ ಬೇಡ, ನಿಲ್ಲು! ಆಮೇಲೆ ನಾನು ಕೇಳೋದು ಯಾವಾಗ? ಇನ್ನೊಂದ್ಸಲ ಕರೀತಾರೋ ಇಲ್ವೋ.”

“ಹಂಗಾದ್ರೆ ಬಿಡ್ತೀನಿ.”

“ಬಿಟ್ರೆ ಅವರು ಕೇಳಿಸ್ಕೋತಾರಲ್ಲೋ, ಮಂಕೇ!”

“ಭಾವನಿಗೆ ಈಗ್ಲೇ ನಿಜ ಹೇಳ್ಬಿಡು.”

ಅಕ್ಕ ಎದೆಯ ಮೇಲಿನ ರೇಡಿಯೋವನ್ನು ಪಕ್ಕಕ್ಕಿಟ್ಟಳು. “ನೋಡಿದ್ಯಲ್ಲ, ನನ್ನ ದನಿಗೋಸ್ಕರ ಮೂರು ದಿನದಿಂದ ಊಟ ನೆಟ್ಟಗೆ ಮಾಡಿಲ್ಲ ಅವ್ರು. ಹೆಂಗೋ ಹೇಳ್ಲಿ?” ಎಂದಳು. ಅವಳ ಕಾಲಿಗೆ ಕಟ್ಟಿದ್ದ ತೂಕದ ಬಟ್ಟು ಅದೇ ಹೊತ್ತಿಗೆ, “ಇಂದಿನ ಕಾರ್ಯಕ್ರಮ ಇಲ್ಲಿಗೆ ಮುಕ್ತಾಯವಾಯಿತು” ಎಂದಿತು. ಮಾತು ಅಲ್ಲಿಗೇ ನಿಂತಿತು.

ಗುರುವಾರ ಬೆಳಿಗ್ಗೆ ನಾನು ನಡುದಾರಿ ಹಿಡಿದೆ. ಯಂತ್ರ ಕೆಡಿಸುವುದು ಬೇಡ, ಸೆಳೆತ ಕಡಿಮೆ ಮಾಡಿದರಾಯಿತು. ಪುಟ್ಟ ರೇಡಿಯೋ ಪಿಸುಗುಟ್ಟಿದರೆ ಅಕ್ಕನ ಕಿವಿಗಷ್ಟೇ ಕೇಳುತ್ತದೆ, ಜಮಖಾನದ ಮೇಲೆ ಕೂತವರಿಗೆ ಕೇಳುವುದಿಲ್ಲ. ಪೈಪಿಗೆ ಒಂದು ಚಕ್ರದ ವಾಲ್ವ್ ಇತ್ತು. ಭಾವ ಸ್ನಾನಕ್ಕೆ ಹೋದಾಗ ಅದನ್ನು ಬಲಕ್ಕೆ ನಾಲ್ಕು ಸುತ್ತು ಬಿಗಿಯಾಗಿ ತಿರುಗಿಸಿದೆ. ಬಲಕ್ಕೆ ತಿರುಗಿಸಿದರೆ ಮುಚ್ಚುತ್ತದೆ ಎನ್ನುವುದು ಲೋಕದ ನಿಯಮ. ಭಾವನ ಶೆಡ್ಡಿನಲ್ಲಿ ಆ ನಿಯಮ ಜಾರಿಯಲ್ಲಿರಲಿಲ್ಲ.

ಹನ್ನೆರಡು ಗಂಟೆಗೇ ಜನ ಸೇರಿತು. ದಸ್ತಗೀರ್ ಸಾಹೇಬರು ಹೊಲಿಗೆ ಯಂತ್ರದ ಸ್ಟೂಲನ್ನೇ ತಂದುಕೊಂಡು ಬಾಗಿಲಲ್ಲಿ ಕೂತರು. ಶಿವನಂಜಮ್ಮನವರು ಅಕ್ಕನಿಗೆಂದು ಹುರುಳಿ ಸಾರನ್ನು ಕುಕ್ಕರ್ ಸಮೇತ ತಂದು ಮಂಚದ ಬಳಿ ಇಟ್ಟರು. ಡಾಕ್ಟರು ಸ್ಟೆತಾಸ್ಕೋಪು ಕಿವಿಗೆ ಹಾಕಿಕೊಂಡೇ ಬಂದರು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವಿಭೂತಿ ಇಟ್ಟು, ಸರಿಯಾಗಿ ಹನ್ನೆರಡು ಇಪ್ಪತ್ತೊಂಬತ್ತಕ್ಕೆ ಗುಂಡಿ ಒತ್ತಿದರು.

ಪಿಸುಗುಟ್ಟುವುದೆಲ್ಲಿ ಬಂತು! ಇಡೀ ಖಜಾನೆ ಕೋಣೆ ಒಂದೇ ಬಾಯಾಗಿ ಗುಡುಗಿತು:

“ಈಗ ಅರಸೀಕೆರೆಯ ಗಿರಿಜಾಂಬ ಅವರಿಂದ ಭಾಷಣ. ನಮ್ಮ ಮನೆಯ ಯಂತ್ರಗಳು!”

“ಚಟ್ನಿಪುಡಿ ಅಂದಿದ್ಯಲ್ಲೇ?” ಭಾವ ಒಳಕ್ಕೆ ತಿರುಗಿದರು.

ಅಕ್ಕ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಳು. ಅವಳ ದನಿ ಮಾತ್ರ ರೇಡಿಯೋದಿಂದ, ತಟ್ಟೆಯಿಂದ, ಲೋಟದಿಂದ, ಮಂಚದ ಸರಳುಗಳಿಂದ ಒಟ್ಟಿಗೇ ಹೊಮ್ಮಿತು.

“ನಮಸ್ಕಾರ. ಕೇಳುಗ ಸೋದರಿಯರೇ, ನಿಮ್ಮ ಮನೆಗಳಲ್ಲಿ ಇಲಿ ಇರಬಹುದು, ಜಿರಲೆ ಇರಬಹುದು. ನಮ್ಮ ಮನೆಯಲ್ಲಿ ಯಂತ್ರಗಳಿವೆ. ಮೊದಲನೆಯದು ತಟ್ಟೆಯಿಂದ ಇಡ್ಲಿ ಎತ್ತುವ ಯಂತ್ರ. ಮೊದಲ ದಿನವೇ ಅದು ನಾಲ್ಕು ಇಡ್ಲಿಗಳನ್ನು ನಲವತ್ತು ಅಡಿ ದೂರಕ್ಕೆ ಹಾರಿಸಿತು. ಎದುರು ಅಂಗಡಿಯವರು ಚಟ್ನಿ ಕೇಳಿ ಕಳಿಸಿದರು.”

ಹಜಾರ ಘೊಳ್ಳೆಂದಿತು. ಡಾಕ್ಟರು ಹಾಲಸ್ವಾಮಿ ಬಿದ್ದು ಬಿದ್ದು ನಕ್ಕರು. ಭಾವನ ಮುಖ ಕೆಂಪಾಯಿತು. ನಾನು ಕಣ್ಣು ಮುಚ್ಚಿಕೊಂಡೆ.

“ನಲವತ್ತು ಅಡಿ?” ಭಾವ ಗುಡುಗಿದರು. “ನಲವತ್ತು ಅಡಿ ಅಂದ್ಲಾ? ಇಪ್ಪತ್ತೆರಡು! ನಾನೇ ಅಳೆದಿದೀನಿ! ದಸ್ತಗೀರ್ ಸಾಹೇಬ್ರೇ, ನಿಮ್ಮ ಟೇಪಿನಲ್ಲೇ ಅಳೆದಿದ್ದಲ್ವಾ?”

“ಇಪ್ಪತ್ತೆರಡೇ. ನಮ್ ಟೇಪು ಸುಳ್ಳು ಹೇಳಲ್ಲ” ಎಂದರು ಸಾಹೇಬರು. “ಚಟ್ನಿ ಕೇಳಿದ್ದು ಮಾತ್ರ ನಿಜ.”

“ಎರಡನೆಯದು ಬಟ್ಟೆ ಹಿಂಡುವ ಯಂತ್ರ. ಅದರೊಳಕ್ಕೆ ಹೋದ ನಮ್ಮ ಯಜಮಾನರ ಪಂಚೆ ಹೊರಗೆ ಬರುವಾಗ ದೀಪದ ಬತ್ತಿಗೆ ಸರಿಯಾಗಿತ್ತು...”

“ಅದು ಪಂಚೆ ಅಲ್ಲ, ಟವೆಲ್ಲು! ಟವೆಲ್ಲು! ಓದೋದಕ್ಕೆ ಮುಂಚೆ ಒಂದು ಮಾತು ಕೇಳಿದ್ರೆ ಸರಿಯಾದ ವಿವರ ಕೊಡ್ತಿದ್ನಲ್ಲೇ!”

ನಾಲ್ಕನೆಯ ಯಂತ್ರದ ಹೊತ್ತಿಗೆ ಭಾವ ತಿದ್ದುವುದನ್ನು ನಿಲ್ಲಿಸಿದರು. ಸೊಂಟದ ಮೇಲಿದ್ದ ಕೈಗಳು ಕೆಳಗಿಳಿದವು. ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ ಜನರ ನಡುವೆ ಅವರೊಬ್ಬರೇ ಇಸ್ತ್ರಿ ಅಂಗಿಯಲ್ಲಿ ಸುಮ್ಮನೆ ನಿಂತಿದ್ದರು. ಹೊದಿಕೆಯ ಅಂಚಿನಿಂದ ಅಕ್ಕ ಅವರನ್ನೇ ನೋಡುತ್ತಿದ್ದಳು. ಅವಳ ದನಿ ನಗಿಸುತ್ತಿತ್ತು, ಕಣ್ಣು ಅಳುತ್ತಿತ್ತು.

ಆದರೆ ಯಾರಿಗೂ ಹೆಚ್ಚು ಹೊತ್ತು ನಗಲು ಆಗಲಿಲ್ಲ. ನಾನು ತಿರುಗಿಸಿದ ನಾಲ್ಕು ಸುತ್ತು ಈಗ ಪೂರ್ತಿ ಕೆಲಸ ಶುರುಮಾಡಿತ್ತು. ದನಿ ಏರುತ್ತ ಹೋಯಿತು. ಕುಕ್ಕರಿನ ಮುಚ್ಚಳ ಕುಣಿಯಿತು. ತೂಕದ ಬಟ್ಟು ಗಡಿಯಾರದ ಲೋಲಕದಂತೆ ತೂಗಿ, ಅಕ್ಕ “ಅಯ್ಯಯ್ಯೋ ಕಾಲು!” ಎಂದು ಒಂದು ಕಡೆ ಕೂಗಿದರೆ, ಅದೇ ಅಕ್ಕ ಗೋಡೆಯೊಳಗಿನ ರೈಲು ಕಂಬಿಗಳಿಂದ ಸೊಳ್ಳೆ ಹಿಡಿಯುವ ಫ್ಯಾನಿನ ಕತೆ ಹೇಳುತ್ತಿದ್ದಳು. ದಸ್ತಗೀರ್ ಸಾಹೇಬರ ಜೇಬಿನ ಕತ್ತರಿ ಹಾರಿ ಬಂದು ಬಾಗಿಲಿಗೆ ಅಂಟಿಕೊಂಡಿತು. ಡಾಕ್ಟರು ಸ್ಟೆತಾಸ್ಕೋಪು ಕಿತ್ತೆಸೆದು ಎರಡೂ ಕಿವಿ ಮುಚ್ಚಿದರು.

“ಆರಿಸ್ರೀ!” ಎಂದು ಎಲ್ಲರೂ ಕೂಗಿದರು.

ಆಲಿಕೆಯ ಬಳಿ ನಿಂತಿದ್ದ ಭಾವ ಹಜಾರದ ಆಚೆ ತುದಿಯಲ್ಲಿದ್ದ ಪ್ಲಗ್ಗಿನ ಕಡೆ ಓಡಿದರು. ಜಮಖಾನ ಕಾಲಿಗೆ ತೊಡರಿ ಬಿದ್ದರು. ತೆವಳಿಕೊಂಡು ಹೋಗಿ ಪ್ಲಗ್ಗು ಕಿತ್ತರು. ಮೋಟರು ನಿಂತಿತು. ಭಾಷಣವೂ ಅಷ್ಟೊತ್ತಿಗೆ ಮುಗಿದಿತ್ತು.

ಎಲ್ಲರೂ ಉಸಿರು ಬಿಟ್ಟರು.

“ನಮಸ್ಕಾರ. ಕೇಳುಗ ಸೋದರಿಯರೇ...” ಎಂದಿತು ತಟ್ಟೆ.

ಒಳಗೆ ಬಂದದ್ದು ಆಚೆ ಹೋಗದ ಹಾಗೆ ಭಾವ ವಾಲ್ವ್ ಹಾಕಿದ್ದರು. ಅದೂ ಏನನ್ನೂ ಆಚೆ ಬಿಡದ ಕೋಣೆಗೆ! ಅಕ್ಕನ ಭಾಷಣ ಖಜಾನೆಯಲ್ಲಿ ಭದ್ರವಾಗಿ ಕೂತುಬಿಟ್ಟಿತ್ತು.

ಸಂಜೆ ಸುದ್ದಿ ಬಂತು: ಹನ್ನೆರಡೂವರೆಯಿಂದ ಹನ್ನೆರಡು ನಲವತ್ತರವರೆಗೆ ಸುತ್ತಲ ಮೂರು ತಾಲ್ಲೂಕಿನ ಒಂದು ರೇಡಿಯೋವೂ ಉಸಿರೆತ್ತಿರಲಿಲ್ಲವಂತೆ. ನಾಡಿಗೆಲ್ಲ ಸಲ್ಲಬೇಕಾದ ಭಾಷಣವನ್ನು ನಾವೊಂದು ಮನೆಯವರು ಪೂರ್ತಿ ಸೇದಿಕೊಂಡಿದ್ದೆವು. ಆ ಅಪರಾಧಕ್ಕೆ ಶಿಕ್ಷೆಯೂ ನಡೆಯುತ್ತಲೇ ಇತ್ತು. ಶುಕ್ರವಾರ ಬೆಳಿಗ್ಗೆ ಅಕ್ಕ ತನ್ನ ದನಿಯನ್ನು ನೂರಿಪ್ಪತ್ತನೇ ಸಲ ಕೇಳುತ್ತಿದ್ದಳು. ಮೊದಮೊದಲು ಸಂತೋಷಪಟ್ಟಳು. “ಉಚ್ಚಾರಣೆ ಚೆನ್ನಾಗಿದೆ ಅಲ್ವೇನೋ?” ಎಂದಳು. ಮಧ್ಯಾಹ್ನದ ಹೊತ್ತಿಗೆ ಕಿವಿಗೆ ಹತ್ತಿ ತುರುಕಿಕೊಂಡಳು. ಶನಿವಾರ ಮಂಚದ ಸರಳು ಹಿಡಿದು ಕಿರುಚಿದಳು:

“ಅಬ್ಬಬ್ಬಬ್ಬಾ! ಈ ಹೆಂಗಸು ಎಷ್ಟು ಮಾತಾಡ್ತಾಳೋ ಮರುಳಾ!”

ಭಾವ ಮಾತ್ರ ಕೋಣೆಯ ಕಡೆ ಸುಳಿಯಲೇ ಇಲ್ಲ. ಗುರುವಾರದಿಂದ ಅವರು ಶೆಡ್ಡಿನಲ್ಲೇ ಇದ್ದರು. ನಾನು ಕಾಫಿ ತಗೊಂಡು ಹೋದಾಗ ಯಂತ್ರದ ಕಡ್ಡಿಗಳನ್ನು ಒಂದೊಂದಾಗಿ ಬಿಚ್ಚಿ, ಅಕ್ಕನ ಛತ್ರಿಗೆ ವಾಪಸು ಜೋಡಿಸುತ್ತಿದ್ದರು.

“ತಮಾಷೆ ಮಾಡಿದ್ದಕ್ಕೆ ಬೇಜಾರಿಲ್ಲ ಕಣಪ್ಪಾ” ಎಂದರು ತಲೆಯೆತ್ತದೆ. “ಚಟ್ನಿಪುಡಿ ಅಂತ ಸುಳ್ಳು ಹೇಳಿದ್ಲಲ್ಲ, ಅದು. ನಂಗೆ ಹೇಳಿದ್ರೆ ನಾನು ತಡೀತಿದ್ನಾ? ಮೂವತ್ತು ವರ್ಷದಲ್ಲಿ ಒಂದಾದ್ರೂ ಯಂತ್ರ ಕೆಲಸಕ್ಕೆ ಬಂತು ಅಂತ ಎಲ್ಲೂ ಹೇಳೋಕೆ ಆಗ್ಲಿಲ್ವಾ ಅವಳಿಗೆ?”

ಭಾಷಣ ಮುಗಿಯುವಾಗ ಅವರು ಜಮಖಾನಕ್ಕೆ ಸಿಕ್ಕಿ ಬಿದ್ದಿದ್ದರು, ಕೊನೆಯ ವಾಕ್ಯ ಅವರ ಕಿವಿಗೆ ಬಿದ್ದಿರಲಿಲ್ಲ ಎಂಬುದು ನನಗೆ ಹೊಳೆದದ್ದು ಆಗ. ಹೇಳೋಣವೆಂದು ಬಾಯಿ ತೆರೆದೆ. ಆ ವಾಕ್ಯವನ್ನು ಪೂರ್ತಿ ನೆನಪಿಸಿಕೊಂಡು ಬಾಯಿ ಮುಚ್ಚಿಕೊಂಡೆ.

ಕೋಣೆ ಖಾಲಿ ಮಾಡುವ ದಾರಿ ಕಂಡುಹಿಡಿದದ್ದು ಶಿವನಂಜಮ್ಮನವರು. ಶನಿವಾರ ಸಂಜೆ ಬಂದು ತಮ್ಮ ಕುಕ್ಕರನ್ನು ವಾಪಸು ತಗೊಂಡು ಹೋದರು. ಹತ್ತೇ ನಿಮಿಷಕ್ಕೆ ಓಡಿಬಂದರು. “ಅಯ್ಯೋ ಗಿರಿಜಾಂಬ, ನನ್ನ ಕುಕ್ಕರು ನಿನ್ನ ದನೀಲಿ ಮಾತಾಡ್ತಿದೆ! ಮುಚ್ಚಳ ಒಂದು ಹೇಳ್ತದೆ, ತಳ ಇನ್ನೊಂದು ಹೇಳ್ತದೆ!”

ನಾನು ಕಿವಿಗೊಟ್ಟೆ. ನಿಜ! ಖಜಾನೆ ಕೋಣೆಯ ಭಾಷಣದಲ್ಲಿ ಆ ಎರಡು ತುಣುಕು ಈಗ ಇರಲಿಲ್ಲ. ಹೊರಗೆ ಹೋದ ಒಂದೊಂದು ಪಾತ್ರೆಯೂ ತನ್ನ ಪಾಲಿನ ಮಾತನ್ನು ಹೊತ್ತುಕೊಂಡೇ ಹೋಗುತ್ತಿತ್ತು.

ಭಾನುವಾರ ಬೆಳಗಿನಿಂದ ನಾನು ಪಾತ್ರೆ ಹಂಚತೊಡಗಿದೆ. ಬೀದಿಯವರು ಕೈಯೊಡ್ಡಿ ಈಸಿಕೊಂಡರು. ಇಡ್ಲಿ ಯಂತ್ರದ ಭಾಗ ಅಗಲ ತಟ್ಟೆಯೊಂದರಲ್ಲಿ ದಸ್ತಗೀರ್ ಸಾಹೇಬರ ಅಂಗಡಿಗೆ ಹೋಯಿತು. ಗಿರಾಕಿಗಳು ಬಂದಾಗ ಅವರು ತಟ್ಟೆ ತಟ್ಟಿ ಕೇಳಿಸಿ, “ಇಪ್ಪತ್ತೆರಡು ಅಡಿ, ನಲವತ್ತಲ್ಲ” ಎಂದು ತಾವೇ ತಿದ್ದುತ್ತಿದ್ದರು. ಬಟ್ಟೆ ಹಿಂಡುವ ಯಂತ್ರದ ಕತೆ ಡಾಕ್ಟರ ಆಸ್ಪತ್ರೆಗೆ ತಂಬಿಗೆಯಲ್ಲಿ ಹೋಯಿತು, ಸೂಜಿ ಚುಚ್ಚುವಾಗ ಮಕ್ಕಳು ಅಳುವುದಿಲ್ಲವೆಂದು. ಕೋಣೆ ಮೆಲ್ಲಮೆಲ್ಲಗೆ ತಣ್ಣಗಾಗುತ್ತ ಬಂತು.

ಮಧ್ಯಾಹ್ನ ಕೊನೆಯ ಲೋಟ ಕೊಟ್ಟು ಮನೆಗೆ ಬಂದರೆ ಅಡುಗೆಮನೆಯಲ್ಲಿ ಭಾವ ನಿಂತಿದ್ದರು. ಹಸಿವು ತಡೆಯದೆ ಶೆಡ್ಡಿನಿಂದ ಬಂದು, ಹಂಚದೆ ಮಿಕ್ಕಿ ನಾನು ಕೋಣೆಯಿಂದ ತಂದಿಟ್ಟಿದ್ದ ಸೌಟನ್ನೇ ಹಿಡಿದು ಸಾರು ಬಡಿಸಿಕೊಳ್ಳಲು ಹೊರಟಿದ್ದರು. ಈಗ ಆ ಸೌಟನ್ನು ಕಿವಿಗೆ ಒತ್ತಿ ಹಿಡಿದಿದ್ದರು. ಇಸ್ತ್ರಿ ಅಂಗಿಯ ಹೆಗಲ ಮೇಲೆ ಸಾರು ಇಳಿಯುತ್ತಿತ್ತು. ಅದರ ಗಮನವೇ ಅವರಿಗಿರಲಿಲ್ಲ.

ಸೌಟು ಅಕ್ಕನ ದನಿಯಲ್ಲಿ ಹೇಳುತ್ತಿತ್ತು: “ಇಷ್ಟೆಲ್ಲ ಆಡಿಕೊಂಡೆ ನಿಜ. ಆದರೂ ಸೋದರಿಯರೇ, ಮನೆಯಲ್ಲಿ ಏನೇ ಕೆಡಲಿ, ನಾನು ಮೊದಲು ಕೂಗುವುದು ಅವರನ್ನೇ...”

ಭಾವ ಮೂರು ಸಲ ಕೇಳಿದರು. ಸೌಟನ್ನು ತೊಳೆದು, ಒರೆಸಿ, ಮೊಳೆಗೆ ನೇತುಹಾಕಿದರು. ಮೂರು ದಿನದಿಂದ ಕಾಲಿಡದ ಖಜಾನೆ ಕೋಣೆಗೆ ಹೋಗಿ ಮಂಚದ ಪಕ್ಕ ಕೂತರು.

“ಗಿರಿಜಾ, ಕಾಲು ನೋಯ್ತಿದ್ಯೇನೇ?”

ಅಕ್ಕ ಹತ್ತಿ ತೆಗೆದಳು. “ಕಿವಿ ನೋಯ್ತಿದೆ ಕಣ್ರೀ” ಎಂದಳು. ಇಬ್ಬರೂ ನಕ್ಕರು. ಆಮೇಲೆ ಅವರು ಪಂಚೆಯೋ ಟವೆಲ್ಲೋ ಎಂಬ ಬಗ್ಗೆ ಒಂದು ಗಂಟೆ ಜಗಳವಾಡಿದರು. ಮನೆ ಮಾಮೂಲಿಗೆ ಬಂತು.

ಆ ಸೌಟನ್ನು ಭಾವ ಇವತ್ತಿಗೂ ಯಾರಿಗೂ ಎರವಲು ಕೊಡುವುದಿಲ್ಲ. ಆ ವಾಕ್ಯದ ಉಳಿದರ್ಧ, “ಯಾಕೆಂದರೆ ಕೆಡಿಸಿದವರು ಸಾಮಾನ್ಯವಾಗಿ ಅವರೇ ಆಗಿರುತ್ತಾರೆ” ಎಂಬುದು ಶಿವನಂಜಮ್ಮನವರ ಕುಕ್ಕರಿನ ಮುಚ್ಚಳದಲ್ಲಿದೆ. ಅವರು ಊಟಕ್ಕೆ ಕರೆದಾಗಲೆಲ್ಲ ಭಾವನಿಗೆ ಹೊಟ್ಟೆ ಸರಿಯಿಲ್ಲವೆಂದು ನಾನೇ ಹೇಳಿಬಿಡುತ್ತೇನೆ.